ಕರೆಂಟ್ ಹರಿಯೂ ಪ್ಲಾಸ್ಟಿಕ್ಕಿಂದ ತುಂಡಾದ ನರ ಬೆಳಿತೈತೇನ್ರಿ?

ಪ್ರಶ್ನೆ: ಮೇಡಂ, ನಮಸ್ಕಾರ್ರಿ. ನಮ್ದು ಜಮಖಂಡಿ ಹತ್ರ ಹಳ್ಳಿ. ನನ್ನ ತಮ್ಮ ಕಬ್ಬು ಕಡಿಯೂ ಮುಂದ ಕುಡಗೋಲು ಜಾರಿ ಎಡಗೈ ಮಣಿಕಟ್ಟಿಗೆ ಬಡದು ನರ ತುಂಡಾತು. ಆಪರೇಷನ್ ಮಾಡಿ ಜೋಡ್ಸ್ಯಾರ, ಮೂರು ತಿಂಗಳಾತು, ಆದ್ರ ಕಿರಿಬೆರಳು ಮತ್ತ ಅದರ ಬಾಜೂಕಿನ ಬೆರಳು ಇನ್ನೂ ಮರಗಟ್ಟಿದಂಗ ಅದಾವ. ಮಗಳು ಬಿಎಸ್ಸಿ ಕೆಮಿಸ್ಟ್ರಿ ಓದ್ತಾಳ, ಆಕಿ ಒಂದು ವಿಡಿಯೋ ತೋರ್ಸಿದ್ಲು, ಕರೆಂಟ್ ಹರಿಯೂ ಪ್ಲಾಸ್ಟಿಕ್ ಮ್ಯಾಲೆ ನರ ಬೆಳಸ್ತಾರಂತ. ಖರೇ ಏನ್ರಿ? ವೈರಿನ ಮ್ಯಾಲೆ ಪ್ಲಾಸ್ಟಿಕ್ ಹಾಕೂದ ಶಾಕ್ ಹೊಡಿಬಾರ್ದಂತ, ಅದ್ರಾಗ ಕರೆಂಟ್ ಹೆಂಗ ಹರಿತೈತಿ? ನಮ್ಮ ಕಡೆ ಇದನ್ನ ಎಲ್ಲಿ ಮಾಡ್ತಾರ? ಆನ್‌ಲೈನ್‌ದಾಗ ಕರೆಂಟ್ ಕೊಡೂ ಸಣ್ಣ ಮಷಿನ್ ಸಿಗ್ತಾವಲ್ಲ, ಅದನ್ನ ತಗೊಂಡ್ರ ನಡಿತೈತೇನು?

ಉತ್ತರ: ಅಕ್ಕಾರ, ಮೊದಲ ನಿಮ್ಮ ತಮ್ಮನ ಮಾತು ಮುಗಿಸಿಬಿಡ್ತೀನಿ, ಯಾಕಂದ್ರ ಪ್ಲಾಸ್ಟಿಕ್ಕಿನ ಕಥಿ ಉದ್ದ ಐತಿ, ಅದನ್ನ ಓದೂದ್ರಾಗ ಬೇಕಾದ ಮಾತ ಬಿಟ್ಟುಹೋಗಬಾರ್ದು. ನಾ ಡಾಕ್ಟರ್ ಅಲ್ಲ, ಬೆಳಗಾವ್ಯಾಗ ಈ ಪಾಲಿಮರ್ (ಸಣ್ಣ ಅಣು ಸರಪಳಿಯಂಗ ಕೂಡಿ ಆದ ವಸ್ತು, ಪ್ಲಾಸ್ಟಿಕ್ಕೂ ಅದ ಜಾತಿ) ಮಾಡಿ ಅದರ ಮ್ಯಾಲೆ ಜೀವಕೋಶ ಬೆಳಸಿ ನೋಡೂಕಿ ಅಷ್ಟ, ಹಿಂಗಾಗಿ ಕೈ ನೋಡಿ ಹೇಳೂ ಮಾತು ಆಪರೇಷನ್ ಮಾಡಿದವ್ರ ಹೇಳ್ಬೇಕು. ಆದ್ರ ಲೆಕ್ಕ ಮಾತ್ರ ಗೊತ್ತಿರ್ಲಿ. ನರ ತುಂಡಾದ್ರ ಆ ಜಾಗಾದಿಂದ ಬೆರಳಿನ ತುದಿ ತನಕ ಇದ್ದ ಹಳೆ ಎಳಿ ಎಲ್ಲಾ ಸತ್ತುಹೋಗ್ತಾವ, ಖಾಲಿ ಕೊಳವಿ ಅಷ್ಟ ಉಳಿತಾವ. ಡಾಕ್ಟರ್ರು ಹೊಲೂದು ಆ ಕೊಳವಿ ಬಾಯಿಗೆ ಬಾಯಿ ಹಚ್ಚಿ. ಆಮ್ಯಾಲೆ ಮ್ಯಾಲಿನಿಂದ ಹೊಸ ಎಳಿ ಹುಟ್ಟಿ, ಹೊಲಿಗಿ ದಾಟಿ, ತೆವಕೋತ ಬೆರಳಿಗೆ ಬರ್ಬೇಕು. ಇದರ ಸ್ಪೀಡು ದಿನಕ್ಕ ಹೆಚ್ಚುಕಮ್ಮಿ 1 ಮಿಲಿಮೀಟರ್. ಮಣಿಕಟ್ಟಿನಿಂದ ಕಿರಿಬೆರಳಿನ ತುದಿಗೆ 15 ಸೆಂಟಿಮೀಟರ್ ಹಿಡದ್ರೂ 150 ದಿನ ಆತಲ್ಲ, ಅದಕ್ಕ ಹೊಲಿಗಿ ದಾಟಾಕ ಹಿಡಿಯೂ ಮೊದಲಿನ ಕೆಲವು ವಾರ ಸೇರಸ್ರಿ. ಅಂದ್ರ ಮೂರು ತಿಂಗಳಿಗೆ ಬೆರಳು ಮರಗಟ್ಟೈತಿ ಅಂದ ಮಾತ್ರಕ್ಕ ಆಪರೇಷನ್ ಕೆಟ್ಟೈತಿ ಅಂತ ಅಲ್ಲ.

ಹಂಗಂತ ಮನ್ಯಾಗ ಕುಂತು ದಾರಿ ಕಾಯೂದೂ ಬ್ಯಾಡ. ನರ ಇಲ್ದ ಕೈಯಾಗಿನ ಸಣ್ಣ ಸ್ನಾಯು ವರ್ಷ-ಒಂದೂವರಿ ವರ್ಷ ಹಂಗ ಉಳದ್ರ ಆಮ್ಯಾಲೆ ನರ ಬಂದು ಮುಟ್ಟಿದ್ರೂ ಅದು ಏಳೂದು ಕಷ್ಟ. ಡಾಕ್ಟರ್ರು ನರದ ದಾರಿ ಗುಂಟ ಬೆರಳಿನಿಂದ ಮೆಲ್ಲಕ ಬಡದು ನೋಡ್ತಾರ, ಎಲ್ಲಿ ಬಡದಾಗ ಬೆರಳಿಗೆ ಝುಮ್ ಅಂತೈತೋ ಹೊಸ ಎಳಿ ಅಲ್ಲಿ ತನಕ ಬಂದೈತಿ ಅಂತ ತಿಳ್ಕೊತಾರ, ಟಿನೆಲ್ ಸೈನ್ ಅಂತಾರ ಅದಕ್ಕ. ಹೋದ ತಿಂಗಳು ಎಲ್ಲಿತ್ತು, ಈ ತಿಂಗಳು ಎಲ್ಲಿ ಐತಿ, ಬರಕೊಂಡು ಇಟ್ಕೊಳ್ರಿ. ಜಾಗಾ ಸರಿಯಾಕ್ಹತ್ತೈತಿ ಅಂದ್ರ ಚಲೋ, ನಿಂತ ಜಾಗಾದಾಗ ನಿಂತಿದ್ರ ಮತ್ತ ತೋರಸ್ರಿ, ಅವರು ಎನ್‌ಸಿವಿ ಅಂತ, ನರದಾಗ ಸಿಗ್ನಲ್ ಎಷ್ಟು ಸ್ಪೀಡಿಗೆ ಓಡ್ತೈತಿ ನೋಡೂ ಒಂದು ಟೆಸ್ಟ್ ಬರ್ದುಕೊಡಬಹುದು. ಫಿಜಿಯೋಥೆರಪಿ ಬಿಡಬ್ಯಾಡ್ರಿ. ಮತ್ತ ಆ ಎರಡು ಬೆರಳಿಗೆ ಬಿಸಿ ತಿಳಿಯಂಗಿಲ್ಲ, ರೊಟ್ಟಿ ಹಂಚು, ಬಿಸಿ ಚಹಾದ ಗ್ಲಾಸ್, ಬೀಡಿ, ಎಲ್ಲಾ ಕಡೆ ಹುಷಾರ್ ಇರಾಕ ಹೇಳ್ರಿ, ಸುಟ್ಟದ್ದು ಗೊತ್ತಾಗೂದು ವಾಸನಿ ಬಂದ ಮ್ಯಾಲೆ.

ಇನ್ನ ವಿಡಿಯೋ. ಅದ್ರಾಗ ತೋರ್ಸಿದ್ದು ಸುಳ್ಳಲ್ಲ, ಆದ್ರ ಅದು ಗಾಜಿನ ತಟ್ಟಿಯೊಳಗಿನ ಮಾತು, ಮನುಷ್ಯಾರ ಕೈಯಾಗಿನ ಮಾತಲ್ಲ. ನಿಮ್ಮ ತಮ್ಮಗ ಇವತ್ತು ಹೋಗಿ ಹಾಕಿಸಿಕೊಂಡು ಬರೂ ಹಂಗ ಯಾವ ಆಸ್ಪತ್ರ್ಯಾಗೂ ಇದು ಮಾಮೂಲಿ ಚಿಕಿತ್ಸಾ ಆಗಿಲ್ಲ, ಬೆಳಗಾವ್ಯಾಗೂ ಇಲ್ಲ, ಬೆಂಗಳೂರಾಗೂ ಇಲ್ಲ. ಯಾರರ ರೊಕ್ಕ ಕಟ್ಟಿಸಿಕೊಂಡು ಮಾಡ್ತೀನಿ ಅಂದ್ರ ಓಡಿ ಬರ್ರಿ. ಯಾಕ ಇನ್ನೂ ಆಗಿಲ್ಲ, ಹಂಗಾದ್ರ ನಮ್ಮಂಥಾವ್ರು ಅದರ ಹಿಂದ ಯಾಕ ಬಿದ್ದೀವಿ ಅನ್ನೂದು ಕೆಳಗ ಹೇಳ್ತೀನಿ.

ಪ್ಲಾಸ್ಟಿಕ್ಕಿನ್ಯಾಗ ಕರೆಂಟ್ ಹರಿಯೂ ವಿಷಯ ಹೆಂಗ ಗೊತ್ತಾತು ಅನ್ನೂದ ಒಂದು ಮಜಾ ಕಥಿ. 1967ರ ಸುಮಾರಿಗೆ ಟೋಕಿಯೋದಾಗ ಹಿದೆಕಿ ಶಿರಾಕಾವಾ ಅನ್ನೂ ಕೆಮಿಸ್ಟ್ರಿ ಸಂಶೋಧಕರ ಲ್ಯಾಬಿನ್ಯಾಗ ಅಸಿಟಿಲೀನ್ ಗ್ಯಾಸ್‌ನಿಂದ ಪಾಲಿಮರ್ ಮಾಡೂ ಮುಂದ, ಹೊರಗಿನಿಂದ ಬಂದಿದ್ದ ಒಬ್ಬರು ಕ್ಯಾಟಲಿಸ್ಟನ್ನ (ರಾಸಾಯನಿಕ ಕ್ರಿಯಾ ಜೋರು ಮಾಡೂ ವಸ್ತು) ಹಾಕಬೇಕಾದ್ದಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚು ಹಾಕಿಬಿಟ್ರು. ಕರಿ ಪುಡಿ ಬರೂ ಜಾಗಾದಾಗ ಬೆಳ್ಳಿ ಬಣ್ಣದ ಮಿರಿಮಿರಿ ಹಾಳಿ ಬಂತು. ಕೆಲವು ವರ್ಷದ ಮ್ಯಾಲೆ ಅಮೆರಿಕಾದ ಅಲನ್ ಮ್ಯಾಕ್‌ಡಯಾರ್ಮಿಡ್ ಟೋಕಿಯೋಕ್ಕ ಬಂದಾಗ ಚಹಾ ಕುಡಿಯೂ ಹೊತ್ತಿನ್ಯಾಗ ಆ ಹಾಳಿ ಮಾತು ಬಂತು, ಅವರು ಶಿರಾಕಾವಾರನ್ನ ಪೆನ್ಸಿಲ್ವೇನಿಯಾಕ್ಕ ಕರ್ಕೊಂಡು ಹೋದ್ರು, ಅಲ್ಲಿ ಅಲನ್ ಹೀಗರ್ ಜೋಡಿ ಆದ್ರು, ಆ ಹಾಳಿಗೆ ಅಯೋಡಿನ್ ಹೊಗಿ ಹಿಡದ್ರು, ಕರೆಂಟ್ ಹರಿಯೂ ತಾಕತ್ತು ಒಂದು ಕೋಟಿ ಪಟ್ಟು ಏರ್ತು. 1977ರಾಗ ಅದು ಪ್ರಕಟ ಆತು, 2000ರಾಗ ಮೂರೂ ಜನಕ್ಕ ಕೆಮಿಸ್ಟ್ರಿ ನೊಬೆಲ್ ಬಂತು. ಆಸ್ಟ್ರೇಲಿಯಾದವ್ರು 1963ರಾಗ ಪಾಲಿಪಿರೋಲ್ ಅನ್ನೂ ಕರಿ ಪಾಲಿಮರಿನ್ಯಾಗ ಕರೆಂಟ್ ಹರಿತೈತಿ ಅಂತ ಬರದಿದ್ರು, ಆಗ ಯಾರೂ ತಲಿ ಕೆಡಿಸ್ಕೊಳ್ಳಿಲ್ಲ, ಇದನ್ನೂ ಹೇಳ್ಬೇಕು.

ಗುಟ್ಟು ಏನಂದ್ರ, ವೈರಿನ ಮ್ಯಾಲಿನ ಪಿವಿಸಿಯೊಳಗ ಎಲೆಕ್ಟ್ರಾನ್ ಎಲ್ಲಾ ತಮ್ಮ ತಮ್ಮ ಬಾಂಡಿನ್ಯಾಗ ಬಿಗಿಯಾಗಿ ಕುಂತಿರ್ತಾವ, ಎಲ್ಲಿಗೂ ಹೋಗಂಗಿಲ್ಲ. ಈ ಪಾಲಿಮರ್‌ಗಳೊಳಗ ಒಂದು ಬಿಟ್ಟು ಒಂದು ಡಬಲ್ ಬಾಂಡ್ ಇರ್ತಾವ, ನಿಮ್ಮ ಮಗಳಿಗೆ ಕೇಳ್ರಿ, ಕಾಂಜುಗೇಶನ್ ಅಂತಾಳ. ಆದ್ರ ಅಷ್ಟಕ್ಕ ಕರೆಂಟ್ ಹರಿಯಂಗಿಲ್ಲ, ಆ ಸರಪಳಿಯಿಂದ ಒಂದಿಷ್ಟು ಎಲೆಕ್ಟ್ರಾನ್ ಕಸಕೋಬೇಕು, ಅಯೋಡಿನ್ ಮಾಡಿದ್ದು ಅದನ್ನ. ಎಲೆಕ್ಟ್ರಾನ್ ಹೋದ ಜಾಗಾ ಪಾಸಿಟಿವ್ ಆಗ್ತೈತಿ, ಆ ಪಾಸಿಟಿವ್ ಸರಪಳಿ ಗುಂಟ ಅಡ್ಡಾಡ್ತೈತಿ, ಅದನ್ನ ಸಮಾಧಾನ ಮಾಡಾಕ ಬಾಜೂಕ ಒಂದು ನೆಗೆಟಿವ್ ಅಯಾನ್ (ಚಾರ್ಜ್ ಇರೂ ಅಣು ಇಲ್ಲಾ ಪರಮಾಣು) ಬಂದು ಕೂಡ್ತೈತಿ. ಈ ಬಾಜೂಕ ಕುಂತ ಅಯಾನನ್ನ ನೆನಪಿನ್ಯಾಗ ಇಟ್ಕೊಳ್ರಿ, ಇಡೀ ಉತ್ತರ ಅದರ ಮ್ಯಾಲೆ ನಿಂತೈತಿ.

ಮೊದಲಿನ ಆ ಪಾಲಿಅಸಿಟಿಲೀನ್ ಗಾಳಿಗೆ ಇಟ್ರ ಕೆಡತಿತ್ತು, ಹಿಂಗಾಗಿ ಕೆಲಸಕ್ಕ ಬರ್ಲಿಲ್ಲ. ಇವತ್ತು ಈ ರಂಗದಾಗ ಎಲ್ಲಾರೂ ಹಿಡದಿರೂದು ಪೆಡಾಟ್ ಅನ್ನೂ ಪಾಲಿಮರ್, ಎಂಬತ್ತರ ದಶಕದ ಕಡಿಗೆ ಜರ್ಮನಿಯ ಬಾಯರ್ ಕಂಪನ್ಯಾಗ ಹುಟ್ಟಿದ್ದು. ಅದಕ್ಕ ಪಿಎಸ್‌ಎಸ್ ಅನ್ನೂ ಇನ್ನೊಂದು ಪಾಲಿಮರ್ ಕೂಡ್ಸಿದ್ರ ನೀರಿನ್ಯಾಗ ಹರಡಿಕೊಂಡು ಕಡುನೀಲಿ ಶಾಯಿ ಆಗ್ತೈತಿ. ಮೊದಲ ಅದನ್ನ ಬಳಸಿದ್ದು ಮೈಗೆ ಹಚ್ಚಾಕ ಅಲ್ರೀ, ಕ್ಯಾಮೆರಾ ರೀಲಿಗೆ ಸ್ಟ್ಯಾಟಿಕ್ ಕರೆಂಟ್ ಹಿಡಿಬಾರ್ದಂತ ಹಚ್ತಿದ್ರು.

ಈಗ ಒಂದು ಮಾತು ಭಾಳ ಮಂದಿಗೆ ತಿಳಿಯಂಗಿಲ್ಲ, ವಿಡಿಯೋ ಮಾಡಿದವ್ರಿಗೂ ತಿಳದಂಗ ಕಾಣ್ಲಿಲ್ಲ. ಪೆಡಾಟ್ ಚಲೋ ಕರೆಂಟ್ ಹರಿಸ್ತೈತಿ ಅಂತ ನಾವು ಅದರ ಹಿಂದ ಬಿದ್ದಿಲ್ಲ. ತಾಮ್ರದ ಮುಂದ ಅದು ಯಾವ ಲೆಕ್ಕಕ್ಕೂ ಇಲ್ಲ, ತಾಮ್ರದ ಕಂಡಕ್ಟಿವಿಟಿ ಸೆಂಟಿಮೀಟರಿಗೆ ಸುಮಾರು 6 ಲಕ್ಷ ಸೀಮೆನ್ಸ್ ಇದ್ರ, ಪೆಡಾಟ್ ಶಾಯಿಯ ಪದರು ಚಲೋತ್ನ್ಯಾಗಿ ಮಾಡಿದ್ರ ಸಾವಿರದ ಆಸುಪಾಸು. ಬರೇ ಕರೆಂಟ್ ಬೇಕಾಗಿದ್ರ ವೈರ್ ಚುಚ್ಚಿ ಬಿಡ್ತಿದ್ವಿ. ತೊಂದ್ರಿ ಇರೂದು ಬ್ಯಾರೆ ಕಡೆ: ವೈರಿನ್ಯಾಗ ಓಡೂದು ಎಲೆಕ್ಟ್ರಾನ್, ಮೈಯಾಗ ಓಡೂದು ಅಯಾನ್. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಕ್ಲೋರೈಡ್. ನರದ ಸೆಲ್ಲಿನ (ಜೀವಕೋಶದ) ಒಳಗ ಹೊರಗ ಈ ಅಯಾನ್ ಹೆಚ್ಚುಕಮ್ಮಿ ಇಟ್ಟ ಒಳಗಿನ ಕಡೆ ಸುಮಾರು ಮೈನಸ್ 70 ಮಿಲಿವೋಲ್ಟ್ ಕಾಯ್ಕೊಂಡಿರ್ತೈತಿ. 70 ಮಿಲಿವೋಲ್ಟ್ ಅಂದ್ರ ಏನೂ ಅಲ್ಲ ಅನ್ನಬ್ಯಾಡ್ರಿ, ಸೆಲ್ಲಿನ ಸುತ್ತಲಿನ ಪೊರಿ ದಪ್ಪ ಸುಮಾರು 5 ನ್ಯಾನೋಮೀಟರ್ ಅಷ್ಟ, ಮೀಟರ್ ಲೆಕ್ಕಕ್ಕ ತಂದ್ರ ಒಂದು ಕೋಟಿ ವೋಲ್ಟ್ ದಾಟ್ತೈತಿ. ಗಾಳಿಯೊಳಗ ಮೀಟರಿಗೆ 30 ಲಕ್ಷ ವೋಲ್ಟ್ ಆದ್ರ ಕಿಡಿ ಹಾರ್ತೈತಿ, ಸೆಲ್ ಸುಮ್ನ ಕುಂತಿರ್ತೈತಿ.

ನಮ್ಮ ಬೆಳಗಾವಿ ಹಿರ್ಯಾರಿಗೆ ಮಿರಜ್ ಜಂಕ್ಷನ್ ನೆನಪಿರ್ಬೇಕು. ಈ ಕಡೆ ಹಳಿ ಮೀಟರ್ ಗೇಜ್, ಪುಣೆ ಕಡೆ ಬ್ರಾಡ್ ಗೇಜ್, ಮುಂಬೈಗೆ ಹೊಂಟ ಮಂದಿ ಮಿರಜ್‌ದಾಗ ಗಂಟುಮೂಟಿ ಇಳಿಸಿ ಇನ್ನೊಂದು ಗಾಡಿ ಹತ್ತಬೇಕಿತ್ತು, ಮಾಲು ಇದ್ರ ಹಮಾಲರು ಈ ಡಬ್ಬಿಯಿಂದ ಆ ಡಬ್ಬಿಗೆ ಹೊರಬೇಕಿತ್ತು. ಎಲೆಕ್ಟ್ರಾನ್ ಹಳಿ ಬ್ಯಾರೆ, ಅಯಾನ್ ಹಳಿ ಬ್ಯಾರೆ, ಎಲ್ಲಿ ಎರಡೂ ಕೂಡ್ತಾವೋ ಅದ ಎಲೆಕ್ಟ್ರೋಡ್. ಪ್ಲ್ಯಾಟಿನಂ ಎಲೆಕ್ಟ್ರೋಡ್ ಅಂದ್ರ ಒಂದ ಸಣ್ಣ ಪ್ಲಾಟ್‌ಫಾರ್ಮ್ ಇರೂ ಜಂಕ್ಷನ್, ಲೋಹದ ಒಳಗ ಅಯಾನ್ ಹೊಕ್ಕಂಗಿಲ್ಲ, ಮ್ಯಾಲಿನ ಚರ್ಮದ ಮ್ಯಾಲೆ ಅಷ್ಟ ವ್ಯವಹಾರ. ಪೆಡಾಟ್ ಹಂಗಲ್ಲ, ನೀರು ಕುಡದು ಉಬ್ಬಿ, ಅಯಾನನ್ನ ಒಳಗ ಬಿಟ್ಕೊಂಡು, ದಪ್ಪದ ತುಂಬ ಎಲ್ಲಿ ಬೇಕಲ್ಲಿ ಇಳಿಸಿ ಹತ್ತಿಸ್ತೈತಿ, ಇಡೀ ಯಾರ್ಡ್ ಪ್ಲಾಟ್‌ಫಾರ್ಮ್ ಆದಂಗ. ಬಾಜೂಕ ಕುಂತ ಅಯಾನ್ ನೆನಪಿಡ್ರಿ ಅಂದಿದ್ನಲ್ಲ, ಸರಪಳಿಯಿಂದ ಎಲೆಕ್ಟ್ರಾನ್ ಒಂದು ಹೋದ್ರ ಅಥವಾ ಬಂದ್ರ ಅದಕ್ಕ ತಕ್ಕಂಗ ಒಂದು ಅಯಾನ್ ಒಳಗ ಬರ್ಬೇಕು ಇಲ್ಲಾ ಹೊರಗ ಹೋಗ್ಬೇಕು, ಅಲ್ಲೇ ವೈರಿನ ಸುದ್ದಿ ಮೈಗೆ ಮುಟ್ಟಿತು. ಅಂಕಿ ಬೇಕಂದ್ರ: ಸಪಾಟ ಲೋಹದ ಒಂದು ಚದರ ಸೆಂಟಿಮೀಟರ್ ಮ್ಯಾಲೆ ಹತ್ತಾರು ಮೈಕ್ರೋಫ್ಯಾರಡ್ (ಫ್ಯಾರಡ್ ಅಂದ್ರ ಚಾರ್ಜ್ ಹಿಡಿಯೂ ತಾಕತ್ತಿನ ಅಳತಿ) ಚಾರ್ಜ್ ಹಿಡಿತೈತಿ, ಪೆಡಾಟ್ ಒಂದು ಘನ ಸೆಂಟಿಮೀಟರಿಗೆ ಸುಮಾರು 40 ಫ್ಯಾರಡ್, ಅಂದ್ರ ಬರೇ 1 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ದಪ್ಪ ಹಚ್ಚಿದ್ರೂ 4 ಸಾವಿರ ಮೈಕ್ರೋಫ್ಯಾರಡ್, ನೂರು ಪಟ್ಟಿಗೆ ಮ್ಯಾಲೆ.

ಇದರಿಂದ ಸೆಲ್ಲಿಗೆ ಏನು ಲಾಭ ಅಂತೀರಿ. ಎಲೆಕ್ಟ್ರೋಡ್ ಸಣ್ಣದಿದ್ದು ಕರೆಂಟ್ ಜಾಸ್ತಿ ನೂಕಿದ್ರ ವೋಲ್ಟೇಜ್ ಏರ್ತೈತಿ, ಒಂದು ಮಟ್ಟ ದಾಟಿದ್ರ ನೀರ ಒಡದು ಗ್ಯಾಸ್ ಆಗ್ತೈತಿ, ಸುತ್ತಲ ಆಮ್ಲ ಇಲ್ಲಾ ಕ್ಷಾರ ಆಗ್ತೈತಿ, ಲೋಹ ಕರಗ್ತೈತಿ, ಸೆಲ್ ಸಾಯ್ತಾವ. ಪೆಡಾಟ್ ಹಚ್ಚಿದ್ರ ಅಷ್ಟ ಕರೆಂಟನ್ನ ಕಡಿಮಿ ವೋಲ್ಟೇಜಿನ್ಯಾಗ ದಾಟಿಸ್ಬಹುದು. ಇನ್ನೊಂದು ಲಾಭ ಮೆತ್ತಗ ಇರೂದು. ಮೆದುಳಿನ ಬಿರುಸು ಕಿಲೋಪಾಸ್ಕಲ್ ಲೆಕ್ಕದಾಗ, ಸಿಲಿಕಾನ್ ನೂರು ಗಿಗಾಪಾಸ್ಕಲ್‌ಗಿಂತ ಮ್ಯಾಲೆ, ಹತ್ತು ಕೋಟಿ ಪಟ್ಟು ಬಿರುಸು, ಉಸಿರಾಡಿದಾಗೊಮ್ಮೆ ಮೆದುಳು ಅಲಗಾಡ್ತೈತಿ, ಅದಕ್ಕ ಚುಚ್ಚಿದ ಸಿಲಿಕಾನ್ ಸೂಜಿ ಅಲಗಾಡಂಗಿಲ್ಲ, ಸುತ್ತ ಗಾಯದ ಗಂಟು ಕಟ್ಟಿ ಕಡಿಗೆ ಸಿಗ್ನಲ್ ಬರೂದ ಬಂದ್ ಆಗ್ತೈತಿ. ಪಾಲಿಮರನ್ನ ಜೆಲ್ ಮಾಡಿದ್ರ ಆ ಅಂತರ ಭಾಳ ಕಡಿಮಿ ಆಗ್ತೈತಿ.

ಲ್ಯಾಬಿನ್ಯಾಗ ನಾವು ಖರೇ ಏನು ಮಾಡ್ತೀವಿ ಅಂತ ಒಂದು ಸ್ವಲ್ಪ ಹೇಳ್ತೀನಿ, ವಿಡಿಯೋದಾಗ ನೀಲಿ ಲೈಟ್ ಅಷ್ಟ ತೋರ್ಸಿರ್ತಾರ. ಪಾಲಿಪಿರೋಲ್ ತಗೊಳ್ರಿ. ಪಿರೋಲ್ ಅನ್ನೂದು ಎಣ್ಣಿ ಥರದ ದ್ರವ, ಬಾಟ್ಲಿ ಒಡದು ಬೆಳಕಿಗೆ ಗಾಳಿಗೆ ಇಟ್ರ ಹಳದಿ ಆಗಿ ಕಂದು ಬಣ್ಣಕ್ಕ ತಿರಗ್ತೈತಿ, ಹಿಂಗಾಗಿ ಭಟ್ಟಿ ಇಳಿಸಿ ಬಿಳಿ ಮಾಡ್ಕೊಂಡ ಶುರು ಮಾಡ್ಬೇಕು. ಸಣ್ಣ ಬೀಕರಿನ್ಯಾಗ ಪಿರೋಲು, ಉಪ್ಪಿನ ನೀರು, ಅದ್ರಾಗ ಮೂರು ಎಲೆಕ್ಟ್ರೋಡ್: ಪದರು ಬೆಳಿಬೇಕಾದ ಗಾಜು (ಅದಕ್ಕ ಐಟಿಒ ಅನ್ನೂ ಪಾರದರ್ಶಕ ಲೇಪ ಇರ್ತೈತಿ), ಎದ್ರಿಗೆ ಪ್ಲ್ಯಾಟಿನಂ ತಂತಿ, ಅಳತಿಗೆ ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡ್. ಮುಕ್ಕಾಲು ವೋಲ್ಟ್ ಹತ್ತಿರ ಹಚ್ಚಿದ ಕೂಡ್ಲೇ ಗಾಜಿನ ಮ್ಯಾಲೆ ಹೊಗಿ ಹಿಡದಂಗ ಮಬ್ಬು ಬರ್ತೈತಿ, ನೋಡನೋಡತ ಕಪ್ಪಾಗ್ತೈತಿ. ಆಸೆ ಬಿದ್ದು ಜಾಸ್ತಿ ಹೊತ್ತು ಬಿಟ್ರ ಮೈಯೆಲ್ಲಾ ಹರಳು ಹರಳು ಆಗಿ, ತೊಳಿಯೂ ಮುಂದ ಸಿಪ್ಪಿ ಎದ್ದು ಬರ್ತೈತಿ. ಪದರು ಕಿತ್ತು ಬರೂದು ಈ ಇಡೀ ರಂಗದ ದೊಡ್ಡ ರೋಗ, ಲೋಹದ ಮ್ಯಾಲೆ ಪೆಡಾಟ್ ಹಿಡ್ಕೊಂಡು ಕೂಡ್ಬೇಕಂತ ಏನೇನೋ ಅಂಟು ಹುಡುಕ್ಯಾರ, ಮತ್ತ ಇದು ಮೈಯಾಗ ಹತ್ತು-ಹದಿನೈದು ವರ್ಷ ಇರ್ಬೇಕಾದ ಸಾಮಾನು ಅನ್ನೂದು ಮರಿಬ್ಯಾಡ್ರಿ.

ಪದರು ಆತು ಅಂದ ಕೂಡ್ಲೇ ಸೆಲ್ ಹಾಕಾಕ ಬರಂಗಿಲ್ಲ. ಒಳಗ ಉಳದ ಪಿರೋಲ್ ವಿಷ, ಅದು ಹೋಗೂ ತನಕ ಉಪ್ಪಿನ ಬಫರಿನ್ಯಾಗ ನೆನಸಿ ನೀರು ಬದಲಿ ಮಾಡ್ಕೋತ ಕೂಡ್ಬೇಕು, ಸ್ಟೆರಿಲೈಸ್ ಮಾಡ್ಬೇಕು, ಮ್ಯಾಲೆ ಸೆಲ್ಲಿಗೆ ಕಾಲೂರಾಕ ಒಂದು ಪ್ರೋಟೀನ್ ಹಚ್ಚಬೇಕು. ಆಮ್ಯಾಲೆ 37 ಡಿಗ್ರಿ, 5 ಪರ್ಸೆಂಟ್ ಕಾರ್ಬನ್ ಡೈಆಕ್ಸೈಡ್ ಇರೂ ಇನ್‌ಕ್ಯುಬೇಟರ್. ಬ್ಯಾಸಿಗ್ಯಾಗ ಕರೆಂಟ್ ತೆಗದ್ರ ಮೊದಲ ಓಡೂದು ಯುಪಿಎಸ್ ಕಡೆ, ಆ ಪೆಟ್ಟಗಿಯೊಳಗಿನ ಹವಾ ಕೆಟ್ರ ಸೆಲ್ಲಿನ ವರ್ತನಿ ಬದಲಿ ಆಗ್ತೈತಿ, ಅದನ್ನ ಪಾಲಿಮರಿನ ಕರಾಮತ್ತು ಅಂತ ತಿಳ್ಕೊಂಡು ಸಂಶೋಧನಾ ಪೇಪರ್ ಬರದ್ರ ಮುಗೀತು.

ಸೆಲ್ ಮ್ಯಾಲೆ ಇದರ ಪ್ರಭಾವ ಮೊದಲ ಚಲೋತ್ನ್ಯಾಗಿ ತೋರ್ಸಿದ್ದು ಅಮೆರಿಕಾದಾಗ ರಾಬರ್ಟ್ ಲ್ಯಾಂಗರ್ ಮತ್ತ ಅವರ ಜೊತಿಗಾರ್ರು. 1994ರಾಗ ಪಾಲಿಪಿರೋಲ್ ಮ್ಯಾಲೆ ಆಕಳ ರಕ್ತನಾಳದ ಸೆಲ್ ಬೆಳಸಿದ್ರು, ಪಾಲಿಮರ್ ಇದ್ದಂಗ ಇದ್ದಾಗ ಸೆಲ್ ಕಾಲು ಚಾಚಿ ಹರಡಿಕೊಂಡ್ವು, ವೋಲ್ಟೇಜ್ ಕೊಟ್ಟು ಪಾಲಿಮರಿಗೆ ಎಲೆಕ್ಟ್ರಾನ್ ವಾಪಸ್ ತುಂಬಿದಾಗ ಅವು ದುಂಡಗಾಗಿ ಬೆಳಿಯೂದ ನಿಂದ್ರಿಸಿದ್ವು. ಆಮ್ಯಾಲೆ 1997ರಾಗ ಕ್ರಿಸ್ಟೀನ್ ಶ್ಮಿಟ್, ಅದ ಗುಂಪಿನವ್ರು, ಪಿಸಿ12 ಅನ್ನೂ ಇಲಿ ಸೆಲ್ ತಗೊಂಡ್ರು. ಇವು ಇಲಿಯ ಅಡ್ರಿನಲ್ ಗ್ರಂಥಿಯ ಗಡ್ಡಿಯಿಂದ ಬಂದ ಸೆಲ್, ನರ ಬೆಳಸೂ ಪ್ರೋಟೀನ್ ಹಾಕಿದ್ರ ನರದ ಸೆಲ್ ಹಂಗ ಎಳಿ ಬಿಡ್ತಾವ. ಪಾಲಿಪಿರೋಲ್ ಮ್ಯಾಲೆ ಇಟ್ಟು 100 ಮಿಲಿವೋಲ್ಟ್ ಎರಡು ತಾಸು ಕೊಟ್ರು, ಎಳಿಯ ಉದ್ದ 9.5 ಮೈಕ್ರಾನ್ ಇದ್ದದ್ದು 18 ಮೈಕ್ರಾನಿಗೆ ಬಂತು. ನಿಮ್ಮ ಮಗಳು ನೋಡಿದ ವಿಡಿಯೋದ ಬೇರು ಇದ ಪ್ರಯೋಗ, ಇದಾದ ಮ್ಯಾಲೆ ನೂರಾರು ಲ್ಯಾಬು ಇದ ದಾರಿ ಹಿಡದ್ವು.

ಚಲೋ ಪ್ರಯೋಗ, ನಾನೂ ವಿದ್ಯಾರ್ಥಿಗಳಿಗೆ ಓದಸ್ತೀನಿ. ಆದ್ರ ಎರಡು ಮಾತು. ಒಂದು, 18 ಮೈಕ್ರಾನ್ ಅಂದ್ರ ಎಷ್ಟು, ಒಂದು ಮಿಲಿಮೀಟರಿನ ಐವತ್ತನೇ ಪಾಲಿಗೂ ಕಡಿಮಿ, ನಿಮ್ಮ ತಮ್ಮನ ನರ ಹೋಗ್ಬೇಕಾದ್ದು 150 ಮಿಲಿಮೀಟರ್, ಅದೂ ಗಾಯದ ಗಂಟಿನ್ಯಾಗ ದಾರಿ ಹುಡುಕ್ಕೋತ. ಎರಡು, ಎಳಿ ಯಾಕ ಬೆಳದ್ವು ಅನ್ನೂದು. ಕರೆಂಟ್ ತಾಗಿ ಸೆಲ್ ಎಚ್ಚರಾದ್ವು ಅಂತ ಎಲ್ಲಾರೂ ಅನ್ಕೊಂಡಿದ್ರು. ಅದ ಶ್ಮಿಟ್ ಅವರು ಮುಂದ 2001ರಾಗ ತೋರ್ಸಿದ್ದು ಏನಂದ್ರ, ವೋಲ್ಟೇಜ್ ಕೊಟ್ಟಾಗ ಪಾಲಿಮರಿನ ಮ್ಯಾಲೆ ದ್ರಾವಣದಾಗಿನ ಫೈಬ್ರೊನೆಕ್ಟಿನ್ ಅನ್ನೂ ಅಂಟು ಪ್ರೋಟೀನ್ ಹೆಚ್ಚು ಬಂದು ಕೂಡ್ತೈತಿ, ಸೆಲ್ ಅದನ್ನ ಹಿಡ್ಕೊಂಡು ಎಳಿ ಚಾಚ್ತಾವ. ಅಂದ್ರ ಕರೆಂಟಿನ ಕೆಲಸ ಸೆಲ್ ಮ್ಯಾಲೆ ಅಷ್ಟ ಅಲ್ಲ, ನೆಲದ ಮ್ಯಾಲೂ ಐತಿ. ಇದ್ರ ಮ್ಯಾಲೆ ಪೆಡಾಟ್ ತಟ್ಟಿಯೊಳಗ ನೆಗೆಟಿವ್ ಕಡೆ ಎಳದ್ರ ನೀರಿನ್ಯಾಗಿನ ಆಕ್ಸಿಜನ್ ಹಿಡದು ಹೈಡ್ರೋಜನ್ ಪೆರಾಕ್ಸೈಡ್ ಮಾಡ್ತೈತಿ, ಅದೂ ಸೆಲ್ಲಿಗೆ ಒಂದು ಸುದ್ದಿ ಕೊಡ್ತೈತಿ. ನಾ ಪೇಪರ್ ರಿವ್ಯೂ ಮಾಡೂ ಮುಂದ ಮೊದಲ ನೋಡೂದು ಇದನ್ನ: ಪಾಲಿಮರ್ ಇದ್ದು ಕರೆಂಟ್ ಇಲ್ದ ತಟ್ಟಿ, ಕರೆಂಟ್ ಇದ್ದು ಪಾಲಿಮರ್ ಇಲ್ದ ತಟ್ಟಿ, ಎರಡೂ ಇಟ್ಟಾರೋ ಇಲ್ಲೋ. ಭಾಳ ಮಂದಿ ಎರಡನೇದ್ದು ಇಡಂಗಿಲ್ಲ.

ಈಗ ನಿಮಗ ಆಶ್ಚರ್ಯ ಆಗೂ ಮಾತು. ಕರೆಂಟ್ ಕೊಟ್ಟು ಮನುಷ್ಯಾರ ನರ ಬೇಗ ಬೆಳಸಿದ್ದಕ್ಕ ಪುರಾವೆ ಐತಿ, ಆದ್ರ ಅದ್ರಾಗ ಪ್ಲಾಸ್ಟಿಕ್ ಇಲ್ಲ! ಕೆನಡಾದ ಟೆಸ್ಸಾ ಗಾರ್ಡನ್ ಮತ್ತ ಜೊತಿಗಾರ್ರು 2000ದಾಗ ಇಲಿ ಕಾಲಿನ ನರ ಕತ್ತರಿಸಿ ಹೊಲದು, ಹೊಲಿಗಿಯ ಮ್ಯಾಲಿನ ಕಡೆ ಸಾದಾ ಲೋಹದ ತಂತಿಯಿಂದ ಸೆಕೆಂಡಿಗೆ 20 ಸಲ ಸಣ್ಣ ಪಲ್ಸ್ ಕೊಟ್ರು. ಒಂದ ತಾಸು ಕೊಟ್ಟದ್ದು ಎರಡು ವಾರ ಕೊಟ್ಟಷ್ಟ ಕೆಲಸ ಮಾಡ್ತು, 8-10 ವಾರ ಹಿಡಿಯೂ ಕೆಲಸ 3 ವಾರಕ್ಕ ಬಂತು. ನೆನಪಿಡ್ರಿ, ಎಳಿ ಓಡೂ ಸ್ಪೀಡೇನು ಏರ್ಲಿಲ್ಲ, ಹೊಲಿಗಿ ಹತ್ರ ಅಳಕ್ಕೋತ ನಿಂತಿರೂ ಎಳಿಗಳು ಲಗೂ ದಾಟಿದ್ವು ಅಷ್ಟ. ಆಮ್ಯಾಲೆ ಮನುಷ್ಯಾರೊಳಗ, ಕಾರ್ಪಲ್ ಟನಲ್ (ಮಣಿಕಟ್ಟಿನ್ಯಾಗ ನರ ಒತ್ತೂ ತೊಂದ್ರಿ) ಆಪರೇಷನ್ ಆದವ್ರಿಗೆ ಮತ್ತ ಬೆರಳಿನ ನರ ಪೂರಾ ತುಂಡಾಗಿ ಹೊಲಿಸಿಕೊಂಡವ್ರಿಗೆ ಆಪರೇಷನ್ ಮುಗದ ಕೂಡ್ಲೇ ಒಂದು ತಾಸು ಹಿಂಗ ಕೊಟ್ಟು ನೋಡ್ಯಾರ, ಕೊಡದ ಇದ್ದವ್ರಿಗಿಂತ ಚಲೋ ಸುಧಾರಿಸ್ಯಾರ. ಇದು ಆಪರೇಷನ್ ಆದ ಕೂಡ್ಲೇ, ನರದ ಬಾಜೂಕ ತಂತಿ ಇಟ್ಟು ಮಾಡೂ ಕೆಲಸ. ಮೂರು ತಿಂಗಳಾದ ಮ್ಯಾಲೆ ಚರ್ಮದ ಮ್ಯಾಲೆ ಪಟ್ಟಿ ಅಂಟಿಸಿದ್ರ ಅದ ಫಲ ಸಿಗ್ತೈತಿ ಅನ್ನಾಕ ಬರಂಗಿಲ್ಲ.

ಹಿಂಗಾಗಿ ಆನ್‌ಲೈನ್ ಮಷಿನ್ ಬ್ಯಾಡ್ರಿ. ಅವು ಬಹುತೇಕ ಟೆನ್ಸ್ ಮಷಿನ್, ನೋವು ಮರೆಸಾಕ ಮಾಡಿದ್ದು, ನರ ಬೆಳಸಾಕ ಅಲ್ಲ. ಮರಗಟ್ಟಿದ ಚರ್ಮದ ಮ್ಯಾಲೆ ಪಟ್ಟಿ ಅಂಟಿಸಿ ನಾಬ್ ತಿರಗಿಸ್ಕೋತ ಹೋದ್ರ ಚರ್ಮ ಸುಟ್ರೂ ನಿಮ್ಮ ತಮ್ಮಗ ಗೊತ್ತಾಗಂಗಿಲ್ಲ. ಫಿಜಿಯೋದವ್ರು ಸ್ನಾಯುವಿಗೆ ಕರೆಂಟ್ ಕೊಡಬೇಕು ಅಂತ ಹೇಳಿದ್ರ ಅವರ ಕೈಯಿಂದ ಅವರ ಎದ್ರಿಗೆ ತಗೊಳ್ರಿ.

ಹಂಗಾದ್ರ ಪ್ಲಾಸ್ಟಿಕ್ ಯಾಕ ಬೇಕು? ಯಾಕಂದ್ರ ಒಂದು ತಾಸಿನ ಕೆಲಸಕ್ಕ ತಂತಿ ಸಾಕು, ವರ್ಷಗಟ್ಟಲೆ ಕೂದಲಿಗಿಂತ ತೆಳ್ಳಗ ಇದ್ದು ಒಂದೊಂದ ನರಕೋಶದ ಮಾತು ಕೇಳ್ಬೇಕಂದ್ರ ತಂತಿ ಕೈ ಕೊಡ್ತೈತಿ. ಎಲೆಕ್ಟ್ರೋಡ್ ಸಣ್ಣದಾದಷ್ಟು ಗದ್ದಲ ಹೆಚ್ಚು, ಪೆಡಾಟ್ ಹಚ್ಚಿದ್ರ ಇಂಪೀಡನ್ಸ್ (ಸಿಗ್ನಲ್ಲಿಗೆ ಆಗೂ ಅಡ್ಡಿ) ಇಳದು ಮಾತು ಸ್ಪಷ್ಟ ಕೇಳ್ತೈತಿ. ಎಲಾನ್ ಮಸ್ಕ್ ಅವರ, ಮೆದುಳಿಗೆ ಚಿಪ್ ಹಾಕೂ ನ್ಯೂರಾಲಿಂಕ್ ಕಂಪನಿ 2019ರಾಗ ಪ್ರಕಟ ಮಾಡಿದ ಬರಹದಾಗ ಮೆದುಳಿಗೆ ಹೊಲಿಯೂ ಎಳಿಗಳ ತುದಿಗೆ ಪೆಡಾಟ್ ಅಥವಾ ಇರಿಡಿಯಂ ಆಕ್ಸೈಡ್ ಹಚ್ಚಿದ್ದು ಬರದಾರ, ಅಂದ್ರ ಸುದ್ದಿ ಪೇಪರಿನ್ಯಾಗ ಚಿಪ್ ಚಿಪ್ ಅಂತ ಬಂದ್ರೂ ಮೆದುಳಿಗೆ ತಾಗೂ ತುದಿಯಾಗ ಈ ಪಾಲಿಮರ್ ಇತ್ತು. 2015ರಾಗ ನ್ಯೂರೋಗ್ರಿಡ್ ಅಂತ ಬಂತು, ಮೆದುಳಿನ ಮ್ಯಾಲೆ ಹಾಸೂ ತೆಳ್ಳನ ಹಾಳಿ, ಚುಚ್ಚದ ಒಂದೊಂದ ನರಕೋಶದ ಸಿಗ್ನಲ್ ಹಿಡೀತು. ಸ್ವೀಡನ್ನಿನ ಮ್ಯಾಗ್ನಸ್ ಬೆರ್ಗ್ರೆನ್ ಅವರ ಗುಂಪು ಅದ ವರ್ಷ ಗುಲಾಬಿ ಗಿಡದ ದಂಟಿನೊಳಗ ಪೆಡಾಟ್ ಜಾತಿಯ ಪಾಲಿಮರ್ ಏರಿಸಿ ತಂತಿ ಬೆಳಸ್ತು, 2023ರಾಗ ಜೀಬ್ರಾ ಮೀನಿನ ಮೈಯಾಗ ಜೆಲ್ ಚುಚ್ಚಿ, ಮೈಯಾಗಿನ ಗ್ಲೂಕೋಸ್ ಲ್ಯಾಕ್ಟೇಟ್ ಬಳಸಿಕೊಂಡ ಎಲೆಕ್ಟ್ರೋಡ್ ಅಲ್ಲೇ ತಯಾರಾಗೂ ಹಂಗ ಮಾಡ್ತು. ನನಗ ಕೇಳಿದ್ರ ಮುಂದಿನ ದಾರಿ ಇದ, ಆದ್ರ ಬ್ಯಾಡಾದಾಗ ಅದನ್ನ ಹೊರಗ ತಗಿಯೂದು ಹೆಂಗ ಅನ್ನೂ ಪ್ರಶ್ನೆಗೆ ನನಗ ಸಮಾಧಾನ ಆಗೂ ಉತ್ತರ ಯಾರೂ ಕೊಟ್ಟಿಲ್ಲ. ಪಾಲಿಪಿರೋಲ್, ಪೆಡಾಟ್ ಮೈಯಾಗ ಕರಗಂಗಿಲ್ಲ. ನರಕ್ಕ ದಾರಿ ಆಗ್ಲಿ ಅಂತ ಇವುಗಳಿಂದ ಕೊಳವಿ ಮಾಡಿ ಇಟ್ರ, ನರ ಬೆಳದ ಮ್ಯಾಲೆ ಆ ಕೊಳವಿ ಅಲ್ಲೇ ಕುಂತಿರ್ತೈತಿ, ನರದ ಚಿಕಿತ್ಸಾಕ್ಕ ಇದು ಬರದ ಇರೂದಕ್ಕ ಅದೂ ಒಂದು ಕಾರಣ.

ನಮ್ಮ ದೇಶದಾಗ ಆಗಿಲ್ಲೇನು ಅಂದ್ರ ಆಗೈತಿ. ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಾಗ ಕೆ.ಎಸ್. ನಾರಾಯಣ್ ಅವರ ಗುಂಪು ಟೆಲ್ ಅವೀವ್‌ದವ್ರ ಜೋಡಿ ಸೇರಿ, ಬೆಳಕು ಹಿಡಿಯೂ ಜೀವಕೋಶ ಇನ್ನೂ ಬೆಳಿಲಾರದ ಕೋಳಿ ಭ್ರೂಣದ ರೆಟಿನಾವನ್ನ (ಕಣ್ಣಿನ ಹಿಂದಿನ ಪರದಿ) ಬೆಳಕಿಗೆ ಸ್ಪಂದಿಸೂ ಪಾಲಿಮರ್ ಮ್ಯಾಲೆ ಇಟ್ರು, ಬೆಳಕು ಬಿಟ್ಟಾಗ ಆ ಕುರುಡು ರೆಟಿನಾದ ನರಕೋಶ ಮಿಡದ್ವು. 2014ರಾಗ ಪ್ರಕಟ ಆತು. ಬೆಂಗಳೂರಿನ ಐಐಎಸ್ಸಿಯೊಳಗ (ಭಾರತೀಯ ವಿಜ್ಞಾನ ಸಂಸ್ಥೆ) ಬಿಕ್ರಮ್‌ಜಿತ್ ಬಸು ಅವರ ಗುಂಪು ಪಾಲಿಅನಿಲಿನ್ ಮ್ಯಾಲೆ ಮನುಷ್ಯಾರ ಸ್ಟೆಮ್ ಸೆಲ್ ಇಟ್ಟು ಬಿಟ್ಟು ಬಿಟ್ಟು ಕರೆಂಟ್ ಕೊಟ್ಟು ಅವು ನರಕೋಶದ ಕಡೆ ವಾಲೂದನ್ನ ತೋರ್ಸೈತಿ. ನಿಮ್ಮ ಮಗಳು ಎಂಎಸ್ಸಿ ಮುಗಿಸಿ ಈ ಕಡೆ ಬರ್ಬೇಕಂದ್ರ ಆ ಹೆಸರು ಬರಕೊಳ್ಳಲಿ.

ಆಕಿಗೆ ಇನ್ನೊಂದು ಮಾತು. ಇದನ್ನ ನೋಡಾಕ ಬೆಂಗಳೂರಿಗೆ ಹೋಗ್ಬೇಕಂತ ಇಲ್ಲ, ಕಾಲೇಜ್ ಲ್ಯಾಬಿನ್ಯಾಗ ಮೇಡಂ ಎದ್ರಿಗೆ ನಿಂತು ಮಾಡ್ಬಹುದು. ಅನಿಲಿನ್ ಹೈಡ್ರೋಕ್ಲೋರೈಡ್ 0.2 ಮೋಲಾರ್, ಅಮೋನಿಯಂ ಪರ್ಸಲ್ಫೇಟ್ 0.25 ಮೋಲಾರ್ ಆಗೂ ಲೆಕ್ಕಕ್ಕ ಬ್ಯಾರೆ ಬ್ಯಾರೆ ನೀರಿನ್ಯಾಗ ಕರಗಿಸಿ ಕೂಡ್ಸಿದ್ರ, ಒಂದಿಷ್ಟು ಹೊತ್ತಿಗೆ ನೀಲಿ ಆಗಿ ಆಮ್ಯಾಲೆ ಗಾಢ ಹಸಿರು ಪುಡಿ ತಳಕ್ಕ ಕೂಡ್ತೈತಿ. ಮರುದಿನ ಸೋಸಿ, ಸೌಮ್ಯ ಹೈಡ್ರೋಕ್ಲೋರಿಕ್ ಆಮ್ಲದಾಗ ತೊಳದು, ಒಣಗಿಸಿ, ಗುಳಿಗಿ ಒತ್ತೂ ಪ್ರೆಸ್ ಇದ್ರ ಗುಳಿಗಿ ಒತ್ತಿ ಮಲ್ಟಿಮೀಟರಿನ ಎರಡು ಕಡ್ಡಿ ಹಚ್ಚಲಿ, ಮುಳ್ಳು ಅಲಗಾಡ್ತೈತಿ. ಅದ ಪುಡ್ಯಾಗ ಸ್ವಲ್ಪ ಅಮೋನಿಯಾ ದ್ರಾವಣಕ್ಕ ಹಾಕಿದ್ರ ನೀಲಿ ಆಗ್ತೈತಿ, ಒಣಗಿಸಿ ಒತ್ತಿ ಮತ್ತ ಮೀಟರ್ ಹಚ್ಚಿದ್ರ ಏನೂ ತೋರ್ಸಂಗಿಲ್ಲ, ಆಮ್ಲಕ್ಕ ಹಾಕಿದ್ರ ಮತ್ತ ಹಸಿರು. ಇದು ಪಾಲಿಅನಿಲಿನ್, ಆಮ್ಲ ಇದ್ರ ಅಷ್ಟ ಕರೆಂಟ್ ಹರಿಸ್ತೈತಿ, ಮೈಯಾಗಿನ ಪಿಎಚ್ 7.4, ಅಲ್ಲಿ ಅದು ಹೆಚ್ಚುಕಮ್ಮಿ ಸತ್ತಂಗ. ನಾವೆಲ್ಲಾ ಪೆಡಾಟ್ ಕಡೆ ಹೊಳ್ಳಿದ್ದಕ್ಕ ಇದ ಕಾರಣ. ಅನಿಲಿನ್ ಚರ್ಮದ ಮೂಲಕ ಮೈ ಹೊಕ್ಕೂ ವಿಷ ಐತಿ, ಕೈಗವಸು ಹಾಕ್ಕೊಂಡು ಫ್ಯೂಮ್ ಹುಡ್ಡಿನ್ಯಾಗ ಮಾಡಾಕ ಹೇಳ್ರಿ, ಮನ್ಯಾಗ ಬಚ್ಚಲದಾಗ ಅಲ್ಲ.